ಲಗ್ನದ ಗವಲಿ, ಸಾಹೇಬನ ಸಾಸೇಜು

ಒಂದು ರೊಟ್ಟಿ ಸಲುವಾಗಿ ಮನಿಷ್ಯಾ ಸಾಯ್ತಾನಂತ ಯಾರಾದ್ರೂ ಹೇಳಿದ್ರ ನಾ ನಕ್ಕುಬಿಡ್ತಿದ್ದೆ. ಅದೂ ಪೂರ್ತಿ ರೊಟ್ಟಿ ಅಲ್ರಿ, ಅರ್ಧಾ. ನಮ್ಮವರು ಅವತ್ತು ಫ್ಯಾಕ್ಟ್ರಿಯಾಗ ಉಂಡದ್ದು ಅರ್ಧಾ ಜೋಳದ ರೊಟ್ಟಿ, ಅದರ ಮ್ಯಾಲ ಒಂದು ಚಿಟಿಕಿ ಶೇಂಗಾ ಹಿಂಡಿ. ಉಳಿದ ಅರ್ಧಾ ಬುತ್ತಿ ಅರಿಬ್ಯಾಗ ಹಂಗೇ ಕಟ್ಟಿಕೊಂಡು ಮನಿಗೆ ಬಂದ್ರು. ಬಂದು ಕಾಟದ ಮ್ಯಾಲ ಗ್ವಾಡಿ ಕಡಿ ಮಾರಿ ಮಾಡಿ ಕುಂತ್ರು. ಅವತ್ತಿನಿಂದ ಅನ್ನ ಮುಟ್ಟಲಿಲ್ಲ.

ನಾ ನೀಲಾಬಾಯಿ. ತವರು ಚಿಂಚೋಳಿ ತಾಲೂಕಿನ ಐನಾಪುರ. ನಮ್ಮವರು ಗುರುಲಿಂಗಪ್ಪ, ಚಿತ್ತಾಪುರ ಸೇಡಮ್ ನಡುವ ಹೊಸದಾಗಿ ಎದ್ದ ಸಿಮಿಟ್ ಫ್ಯಾಕ್ಟ್ರಿಯಾಗ ಎಣ್ಣಿ ಪಂಪ್ ನೋಡಿಕೊಳ್ಳೋ ಕೆಲಸದಾಗಿದ್ರು. ಗೇಟಿನ ಆಚೆ ಫರಸಿ ಕಲ್ಲಿನ ಮನಿಗಳ ಓಣಿ, ಅದರಾಗ ನಮ್ಮದೊಂದು. ಮಕ್ಕಳಿಲ್ಲ ನಮಗ. ಅವರಿಗೆ ನಾನು, ನನಗ ಅವರು, ಇಷ್ಟೇ ಸಂಸಾರ. ತೊಂಬತ್ತೇಳನೇ ಇಸ್ವಿ ಬ್ಯಾಸಗಿ ಮಾತಿದು.

ಏನಾತಂದ್ರ, ಇಟಲಿ ದೇಶದಿಂದ ಒಂದು ದೊಡ್ಡ ಮಿಷೀನು ಬಂದಿತ್ತು. ಅದನ್ನ ಕೂಡ್ರಿಸಲಿಕ್ಕೆ ಬ್ರೂನೊ ಅನ್ನೋ ಸಾಹೇಬನೂ ಅದರ ಜೋಡಿ ಬಂದಿದ್ದ. ಮೊದಲ ಸಲ ಮಿಷೀನು ತಿರುಗಿಸೋ ದಿನ ನಮ್ಮವರು ಮುಂಜಾನಿಯಿಂದ ಪಂಪಿನ ಮುಂದೇ ನಿಂತಿದ್ರು. ಮಧ್ಯಾಹ್ನ ಮೂರಾತು. ಸಾಹೇಬ ಬಂದು ಇವರ ಬುತ್ತಿ ನೋಡಿದ, ಇವರ ಮಾರಿ ನೋಡಿದ. ಹೋಗು, ಉಂಡು ಬಾ, ಪಂಪ್ ನಾ ನೋಡ್ತೀನಂತ ತನ್ನ ಹರಕು ಇಂಗ್ಲೀಷಿನ್ಯಾಗ ಹೇಳಿ ಭುಜ ತಟ್ಟಿ ಕಳಿಸಿದ. ಇವರು ಹೋಗಿ ಬೇವಿನ ಗಿಡದ ಕೆಳಗ ಕುಂತು ಅರ್ಧಾ ರೊಟ್ಟಿ ಉಣ್ಣೂದ್ರಾಗ ಒಳಗ ಕಬ್ಬಿಣ ಕಿರಿಚಿದ ಸಪ್ಪಳ ಬಂತು. ಸಾಹೇಬಗ ಅದೇ ಹೊತ್ತಿಗೆ ಚಳಿಜ್ವರ ಏರಿ ಕಣ್ಣು ಕತ್ತಲಿ ಬಂದು ಮೂಲ್ಯಾಗ ಕುಂತುಬಿಟ್ಟಿದ್ದ. ಪಂಪ್ ಬಂದ್ ಆಗಿತ್ತು. ಎಣ್ಣಿ ಇಲ್ಲದೇ ಮಿಷೀನಿನ ಹಲ್ಲು ಸುಟ್ಟು ಹೋಗಿದ್ವು.

ಫ್ಯಾಕ್ಟ್ರಿಯವರು ಬರದದ್ದು ಒಂದೇ ಮಾತು. ಗುರುಲಿಂಗಪ್ಪ ಡ್ಯೂಟಿ ಬಿಟ್ಟು ಉಣ್ಣಲಿಕ್ಕೆ ಹೋಗಿದ್ದ. ಸಾಹೇಬನೇ ಕಳಿಸಿದ್ದಂತ ಇವರು ಹೇಳಿದ್ದನ್ನ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಸಾಹೇಬ ಜ್ವರದಾಗ ಗೆಸ್ಟ್ ಹೌಸಿನ್ಯಾಗ ಮಲಗಿದವ ತುಟಿ ಪಿಟ್ಟ ಅನಲಿಲ್ಲ. ಚಹಾದ ಅಂಗಡಿಯಾಗ ನಮ್ಮವರಿಗೆ ರೊಟ್ಟಿ ಗುರುಲಿಂಗಪ್ಪ ಅಂತ ಹೆಸರಿಟ್ರು. ಇಪ್ಪತ್ತು ವರ್ಷ ಬ್ಯಾರೆ ಬ್ಯಾರೆ ಫ್ಯಾಕ್ಟ್ರಿಯಾಗ ದುಡಿದು ಯಾರ ಕಡಿಂದಲೂ ಒಂದು ಮಾತು ಅನಿಸಿಕೊಳ್ಳದ ಮನಿಷ್ಯಾ, ಆ ಹೆಸರು ಕಿವಿಗೆ ಬಿದ್ದ ಮ್ಯಾಲಂತೂ ತಟ್ಟಿ ಮುಂದಿಟ್ರ ಮಾರಿ ತಿರುವ್ತಿದ್ದ. ಆ ರೊಟ್ಟಿ ನಾ ತಿನ್ನಲಿಲ್ಲ ನೀಲಾ, ಅದೇ ನನ್ನ ತಿಂತು, ಅಂತ ಒಮ್ಮಿ ಅಂದ್ರು. ಬಾಯಾಗ ಬೆರಳಿಟ್ಟು ಎರಡು ಗುಟುಕು ಮಜ್ಜಿಗಿ ಹನಿಸ್ತಿದ್ದೆ, ಅಷ್ಟೇ. ಐದನೇ ದಿನ ರೈಲ್ವೆ ಗ್ಯಾಂಗಿನವರು ಅವರನ್ನ ಕೈ ಹಿಡಿದು ಮನಿಗೆ ಕರ್ಕೊಂಡು ಬಂದ್ರು. ಹಳಿ ಮ್ಯಾಲ ಕುಂತಿದ್ರು ತಾಯಿ, ನೋಡಿಕೋರಿ, ಅಂದ್ರು. ಅವತ್ತಿನಿಂದ ನನ್ನ ಎದಿಯಾಗ ರೈಲು ಓಡ್ಲಿಕತ್ತಿತ್ತು.

ಸೋಮವಾರ ಎನ್ಕ್ವಾಯರಿ. ಮಂಗಳವಾರ ಸಾಹೇಬ ತನ್ನ ದೇಶಕ್ಕ ಹೊಂಟಿದ್ದ. ನಾನೇ ಕಳಿಸಿದ್ದೆ ಅಂತ ಅವನ ಬಾಯಿಂದ ಒಂದು ಮಾತು ಬೀಳಬೇಕು. ಬಿದ್ರ ನಮ್ಮವರು ಉಳಿತಾರ, ಬೀಳದಿದ್ರ ಇಲ್ಲ. ಮೂರು ಸಲ ಗೆಸ್ಟ್ ಹೌಸಿಗೆ ಹೋದೆ, ಮೂರು ಸಲನೂ ವಾಚ್‌ಮನ್ ಗೇಟಿನಿಂದೇ ಹೊಳ್ಳಿಸಿದ. ನಾಲ್ಕನೇ ಸಲ ಅವನಿಗೆ ಬಾಯಿಗೆ ಬಂದಂಗ ಬೈದು ಬಂದೆ. ಬೈದು ಏನು ಬಂತು? ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲ.

ಪಕ್ಕದ ಮನಿ ರಶೀದಾಬೇಗಂ ನನಗ ತಂಗಿ ಇದ್ದಂಗ. ಅವಳ ಗಂಡ ಗುಲಾಮ ದಸ್ತಗೀರ ಗೆಸ್ಟ್ ಹೌಸಿನ್ಯಾಗ ತಟ್ಟಿ ಬಡಿಸೋ ಕೆಲಸ ಮಾಡ್ತಿದ್ದ. ಗುರುವಾರ ಮುಂಜಾನಿ ಅಂವ ಕಟ್ಟಿ ಮ್ಯಾಲ ಕುಂತು ಹೇಳಿದ, ಸಾಹೇಬನೂ ಉಣ್ಣವಲ್ಲ. ಜ್ವರ ಇಳದದ, ಖರೇ ನಾಲಿಗಿ ಕೆಟ್ಟದ. ನಮ್ಮ ಸಾರು, ಪಲ್ಯ, ಬಿರ್ಯಾನಿ ಏನಿಟ್ರೂ ದೂಡ್ತಾನ. ಬಂದ ಹೊಸದರಾಗ ಬೊಂಬಾಯಿಂದ ಬರಫಿನ ಡಬ್ಬಿಯಾಗ ಸಾಸೇಜ್ ಅಂತ ತರಿಸಿ ತಾನೇ ಮಾಡಿಕೊಂಡು ಉಣ್ತಿದ್ದ. ಅದು ಮುಗಿದು ತಿಂಗಳಾತು. ಈಗ ಅದರ ಹೆಸರು ತಗೊಂಡು ಕಣ್ಣಾಗ ನೀರು ತರ್ತಾನ, ಅಂದ.

ರಶೀದಾ ಜ್ವಾಳ ಹಸನ ಮಾಡ್ಲಿಕತ್ತಾಕಿ ಕೈ ನಿಲ್ಲಿಸಿದ್ಳು. ಅದನ್ನ ನಾವೇ ಮಾಡಿಕೊಟ್ರ, ಉಂಡ ಬಾಯಿ ಬಿಟ್ಟು ಮಾತಾಡ್ತಾನಲ್ಲ ಅಕ್ಕಾ, ಅಂದ್ಳು.

ನಾ ಅವಳ ಮಾರಿ ನೋಡಿದೆ. ಕೊರಳಾಗ ಲಿಂಗ ಕಟ್ಟಿದಾಕಿ ನಾ. ನಮ್ಮ ಮನಿಯಾಗ ಉಳ್ಳಾಗಡ್ಡಿ ಸುಟ್ಟ ವಾಸನಿಗೇ ನಮ್ಮತ್ತಿ ಬೈತಿದ್ಲು. ಆದ್ರ ಮುಳುಗೋರಿಗೆ ಹುಲ್ಲುಕಡ್ಡಿನೂ ಆಸರಾ. ಸಾಸೇಜ್ ಅಂದ್ರ ಏನಂತ ದಸ್ತಗೀರಣ್ಣಗ ಕೇಳಿದೆ.

ಅಂವ ನೋಡಿದ್ದು ಹೇಳಿದ. ಸಾಹೇಬನ ಡಬ್ಬಿಯೊಳಗಿಂದು ಹಂದೀದು, ಹಿಂಗಾಗಿ ತಾ ಹತ್ತು ಮೊಳ ದೂರ ನಿಂತು ನೋಡಿದ್ನಂತ. ಕರುಳಿನೊಳಗ ಖೀಮಾ ತುಂಬಿ ಗೇಣುದ್ದಕ್ಕ ಗಂಟು ಹಾಕಿದ್ದು. ಅರಿಶಿಣ ಇಲ್ಲ, ಗರಂ ಮಸಾಲಿ ಇಲ್ಲ. ಉಪ್ಪು, ಬಳ್ಳೊಳ್ಳಿ, ಕರಿಮೆಣಸು, ಜಜ್ಜಿದ ಒಣ ಮೆಣಸಿನಕಾಯಿ, ಮತ್ತ ಊಟ ಆದ್ಮ್ಯಾಲ ನಾವು ಬಾಯಿಗೆ ಹಾಕಿಕೊಳ್ಳೋ ಬಡೇಸೋಪು. ಒಂದಿನ ಅದನ್ನ ಉಳ್ಳಾಗಡ್ಡಿ, ದಪ್ಪ ಮೆಣಸಿನಕಾಯಿ ಜೋಡಿ ಹುರೀತಿದ್ದ. ಮತ್ತೊಂದಿನ ಟಮಾಟಿ ಕುದಿಸಿ ಅದರಾಗ ಹಾಕಿ, ಗೋಧಿ ಹಿಟ್ಟಿನ ಎಂಥಾದೋ ಬೇಯಿಸಿ ಅದರ ಮ್ಯಾಲ ಸುರೀತಿದ್ದ.

ಎಂಥಾದು ಅಂದೆ. ಅಂವ ನನ್ನ ಅಂಗಳದ ಕಡಿ ಬೆರಳು ತೋರಿಸಿದ. ಅಲ್ಲಿ ಬಿಳಿ ಧೋತ್ರದ ಮ್ಯಾಲ ಗವಲಿ ಒಣಗ್ಲಿಕತ್ತಿದ್ವು. ಬರೋಬ್ಬರಿ ಅದೇ, ಅಂದ.

ಇಲ್ಲಿ ನಿಮಗ ಗವಲಿ ಮಾತು ಹೇಳಲೇಬೇಕು. ನಮ್ಮ ಕಡಿ ಲಗ್ನ ಅಂದ್ರ ಶಾವಿಗಿ, ಗವಲಿ, ಸೌತಿಬೀಜ, ಪರಡಿ, ಇವೆಲ್ಲ ಬೇಕೇ ಬೇಕು. ರವಾ ನಾದಿ, ಗೆರಿ ಕೊರೆದ ಕಟಿಗಿ ಮಣಿ ಮ್ಯಾಲ ಹೆಬ್ಬೆರಳಿಲೆ ಒತ್ತಿ ಎಳೆದ್ರ ಗವಲಿ ಸುರುಳಿ ಸುತ್ತಿ ಬೀಳ್ತದ. ಅದನ್ನ ಯಾರು ಬೇಕಾದವರು ಮಾಡಂಗಿಲ್ಲ, ಮುತ್ತೈದಿ ಕೈಯೇ ಆಗಬೇಕು. ನಮ್ಮವ್ವ ಐನಾಪುರದಾಗ ನನಗ ಏಳು ವರ್ಷಕ್ಕೇ ಮಣಿ ಮುಂದ ಕೂಡ್ರಿಸಿದ್ಳು. ಈ ಕಡಿ ಹತ್ತೂರಾಗ ಲಗ್ನದ ಗವಲಿ ಅಂದ್ರ ನೀಲಾಬಾಯಿ ಅಂತಿದ್ರು. ನನ್ನ ಹತ್ರ ಇದ್ದ ಮಾನ ಅಂದ್ರ ಅದೊಂದೇ. ಆ ವಾರ ಒಣಗ್ಲಿಕತ್ತಿದ್ದ ಗವಲಿ ಉಮಾದೇವಿಯವರ ಮಗಳ ಲಗ್ನದ್ದು. ಉಮಾದೇವಿ ಅಂದ್ರ ಫ್ಯಾಕ್ಟ್ರಿ ಆಫೀಸಿನ ಹೆಡ್ ಕ್ಲಾರ್ಕ್ ಸಂಗಮೇಶ್ವರನವರ ಹೆಂಡ್ತಿ, ನಮ್ಮವರೇ, ಲಿಂಗವಂತರು. ಎನ್ಕ್ವಾಯರಿ ಕಾಗದ ಬರೆಯೋ ಕೈ ಆ ಸಂಗಮೇಶ್ವರನವರದು.

ಹೊಸಾ ಗವಲಿ ಹೊಸೆದು ಒಣಗಿಸಬೇಕಂದ್ರ ಎರಡು ದಿನದ ಬಿಸಲು ಬೇಕು. ಎರಡು ದಿನ ನನ್ನ ಹತ್ರ ಎಲ್ಲಿದ್ವು? ಲಗ್ನದ ಗವಲಿಯಾಗಿಂದೇ ಮೂರು ಮುಷ್ಟಿ ತಗೊಂಡೆ.  ಮಾಂಸದ ಜೋಡಿ ಲಗ್ನದ ಗವಲಿ ಬೆಂದದ ಅಂತ ಗೊತ್ತಾದ್ರ ಯಾವ ಮನಿಯವರು ನನ್ನ ಕರೀತಾರ? ಆದ್ರ ಕುಂತು ವಿಚಾರ ಮಾಡಿದ್ರ, ಅವರು ಹೋದ್ರೂ ಈ ಕೈ ಗವಲಿಗೆ ಬರಂಗಿಲ್ಲ. ಮುತ್ತೈದಿತನ ಹೋದ ಕೈಯ ಗವಲಿ ಯಾರು ಉಣ್ತಾರ? ಎರಡೂ ಹಾದಿಯಾಗ ಕೈ ಹೋಗೂದೇ. ಹಂಗಾದ್ರ ಅವರಾದ್ರೂ ಉಳೀಲಿ ಅಂದೆ.

ಆದ್ರೂ ಮನಸಿನ ಪುಕ್ಕಲತನ ಎಲ್ಲಿ ಹೋಗ್ತದ? ರಶೀದಾನ ಕೈ ಹಿಡಿದು ಆಣಿ ತಗೊಂಡೆ. ಗವಲಿ ನನ್ನ ಮನಿದಂತ ಸತ್ರೂ ಹೇಳಬ್ಯಾಡ್ರಿ. ಗುರುಲಿಂಗಪ್ಪನ ಮಾತು ಎತ್ರಿ, ನನ್ನ ಹೆಸರು ಎತ್ತಬ್ಯಾಡ್ರಿ. ಗಂಡ ಹೆಂಡ್ತಿ ಇಬ್ಬರೂ ಕುರಾನಿನ ಮ್ಯಾಲ ಆಣಿ ಮಾಡಿದ್ರು. ಆ ಆಣಿ ತಗೊಂಡ ನನ್ನ ಬಾಯಿಗೆ ಬೆಂಕಿ ಹಾಕ.

ಶುಕ್ರವಾರ ಮುಂಜಾನಿ ಅಬ್ದುಲ್ ಮಜೀದನ ಅಂಗಡಿಯಿಂದ ಕುರಿ ಖೀಮಾ, ಕರುಳು ಬಂದ್ವು. ರಶೀದಾನ ಮನಿ ಅಂಗಳದಾಗ ಒಲಿ. ನಾ ಹೊಸ್ತಿಲಿನ ಆಚೆ, ಸೆರಗು ಮೂಗಿಗೆ ಹಿಡಕೊಂಡು ನಿಂತೆ. ಅವಳು ಕರುಳನ್ನ ಕಡ್ಡಿಗೆ ಸಿಗಿಸಿ ಒಳಮಗ್ಗಲ ಹೊರಗ ಮಾಡಿ, ಉಪ್ಪು ಹಚ್ಚಿ ಏಳು ನೀರಿನ್ಯಾಗ ತೊಳೆದ್ಳು. ಹೊಸಾ ಲಾಳಿಕಿ ತಂದಿದ್ಳು, ಅದರ ಕೊಳವಿಗೆ ಕರುಳು ಏರಿಸಿ ಹೆಬ್ಬೆರಳಿಲೆ ಖೀಮಾ ಒತ್ತಿದ್ಳು. ಅವಳ ಕೈ ಸುಮ್ಮನ ಇರಬೇಕಲ್ಲ? ತಾನಾಗೇ ಶುಂಠಿ ಕಡಿ ಹೋಗ್ತಿತ್ತು, ಗರಂ ಮಸಾಲಿ ಡಬ್ಬಿ ಕಡಿ ಹೋಗ್ತಿತ್ತು. ಆಚೆ ನಿಂತು ನಾ ಬ್ಯಾಡ ಬ್ಯಾಡ ಅಂತ ಒದರೂದು. ಮಾಂಸ ಮುಟ್ಟದಾಕಿ ಮಾಂಸ ಮಾಡಾಕಿಗೆ ಕಲಿಸ್ಲಿಕತ್ತೀನಿ, ಬಸವಣ್ಣ ನೋಡಿ ನಕ್ಕಿದ್ದಾನು ಅನಸ್ತು.

ಮೊದಲಿನ ಸಲ ಕೆಟ್ಟೇ ಹೋತು. ಚರಬಿ ತಗದು ಬರೇ ಮಾಂಸ ಹಾಕಿದ್ಳು, ಸಾಹೇಬಗ ಹಸನಾದ್ದು ಕೊಡಬೇಕಂತ. ಅದನ್ನೂ ಕರುಳು ಹರಿಯೋಹಂಗ ಗಿಡಿದು ತುಂಬಿದ್ಳು. ದೊಡ್ಡ ಉರಿ ಮ್ಯಾಲ ಎಣ್ಣಿಗೆ ಬಿಟ್ಟ ಕೂಡಲೇ ಫಟ್ ಅಂತ ಒಡೀತು. ಕಾದ ಎಣ್ಣಿ ಅವಳ ಬಲಗೈ ಮುಂಗೈ ತುಂಬ ಸಿಡೀತು. ಖೀಮಾ ಒಣಗಿ ಹರಳಿನಂಗ ಬಿರುಸಾತು. ಕುಂತಲ್ಲೇ ಅವಳು ಅಳ್ಲಿಕ್ಕೆ ಹತ್ತಿದ್ಳು. ಕೈ ಉರಿಗಲ್ಲ ಅಕ್ಕಾ, ಮಧ್ಯಾಹ್ನಾತು, ಇನ್ನ ಯಾರು ಮಾಡೋರು, ಅಂದ್ಳು. ಅವಳ ಬೆರಳು ಬಾತು ಮಡಚಲಿಕ್ಕೇ ಬರ್ತಿರಲಿಲ್ಲ.

ಉಳಿದ ಖೀಮಾ ಪರಾತದಾಗಿತ್ತು. ಗ್ವಾಡಿ ಆಚೆ ನಮ್ಮ ಮನಿಯಾಗ ಅವರು ಒಮ್ಮಿ ಕೆಮ್ಮಿದ್ರು. ಆ ಕೆಮ್ಮು ಎಷ್ಟು ಸಣ್ಣಾಗಿತ್ತಂದ್ರ, ನಾ ಮತ್ತೇನೂ ವಿಚಾರ ಮಾಡಲಿಲ್ಲ. ಲಿಂಗದ ಅರಿಬಿ ಕುಪ್ಪಸದೊಳಗ ಸರಿಸಿದೆ. ನನ್ನ ಲಿಂಗಕ್ಕ ನಾನೇ ಜವಾಬು ಹೇಳ್ತೀನಿ ಅಂದೆ, ಹೊಸ್ತಿಲು ದಾಟಿದೆ, ಪರಾತಿಗೆ ಕೈ ಹಾಕಿದೆ.

ತಣ್ಣಗಿತ್ತು. ಹಿಟ್ಟಿನಂಗ ಇತ್ತು. ಹಿಟ್ಟು ನಾದೋದು ಈ ಕೈಗೆ ಯಾರು ಕಲಿಸಬೇಕು? ಮಾರಿ ಆ ಕಡಿ ತಿರುವಿದ್ದೆ, ಕೈ ಮಾತ್ರ ತನ್ನ ಕೆಲಸ ತಾ ಮಾಡ್ತಿತ್ತು. ಚರಬಿ ವಾಪಸ್ ಕೂಡಿಸಿದ್ವಿ. ಬಡೇಸೋಪು ಅರ್ಧಂಬರ್ಧ ಕುಟ್ಟಿ ಹಾಕಿದ್ವಿ. ಸಡ್ಲಾಗಿ ತುಂಬಿ, ದಾರಲೆ ಗೇಣಿಗೊಂದು ಗಂಟು ಕಟ್ಟಿ, ಸೂಜಿಲೆ ಅಲ್ಲಲ್ಲಿ ಚುಚ್ಚಿದ್ವಿ. ಈ ಸಲ ಎಣ್ಣಿ ಇಲ್ಲ. ಬೋಗುಣ್ಯಾಗ ಅಂಗೈ ತುಂಬ ನೀರು ಹಾಕಿ, ಮುಚ್ಚಿ, ಸಣ್ಣ ಉರಿಗಿಟ್ಟೆ. ನೀರು ಆರಿದ ಮ್ಯಾಲ ಅದರ ಚರಬಿಯಾಗೇ ಅದು ಕೆಂಪಾಗ್ಲಿಕ್ಕೆ ಹತ್ತಿತು. ಒಂದೊಂದೇ ನಾನೇ ಹೊಳ್ಳಿಸಿ ಹಾಕಿದೆ. ಒಂದೂ ಒಡೀಲಿಲ್ಲ. ರಶೀದಾ ಬಾತ ಕೈ ಎದಿಗೆ ಹಿಡಕೊಂಡು ನನ್ನೇ ನೋಡ್ಲಿಕತ್ತಿದ್ಳು. ನೋಡಬ್ಯಾಡ, ಉಪ್ಪು ನೋಡು ಅಂತ ಸಿಟ್ಟಿಲೆ ಅಂದೆ, ಯಾಕಂದ್ರ ರುಚಿ ನೋಡೋದು ಮಾತ್ರ ನನ್ನ ಕೈಲಿ ಆಗ್ತಿರಲಿಲ್ಲ.

ಟಮಾಟಿ ಸಾರು ನಾ ಮಾಡಿದೆ. ಟಮಾಟಿ ಕುದಿಸಿ, ಸಿಪ್ಪಿ ತಗದು, ಬಳ್ಳೊಳ್ಳಿ ಹಾಕಿ ದಪ್ಪಗ ಬತ್ತಿಸಿ, ಸಾಸೇಜ್ ತುಂಡು ಮಾಡಿ ಅದರಾಗ ಬಿಟ್ವಿ. ಗವಲಿ ನಾವು ಮೆತ್ತಗ ಬೇಯಿಸ್ತೀವಿ. ಸಾಹೇಬ ಹಲ್ಲಿಗೆ ಸಿಗೋಹಂಗ ಇದ್ದಾಗೇ ಬಸೀತಿದ್ನಂತ. ಹಂಗೇ ಬಸಿದು ಡಬ್ಬಿಗೆ ಹಾಕಿ ದಸ್ತಗೀರಣ್ಣನ ಕೈಗೆ ಕೊಟ್ಟೆ. ಮನಿಗೆ ಹೋಗಿ ಮೈ ತುಂಬ ನೀರು ಹಾಕ್ಕೊಂಡೆ, ವಿಭೂತಿ ಹಚ್ಚಿಕೊಂಡೆ, ಬಾಗಿಲಾಗ ಕುಂತೆ. ಅದೇ ದಿನ ಸಂಜಿಮುಂದ ಉಳಿದ ಗವಲಿ ಡಬ್ಬಿ ಉಮಾದೇವಿಯವರ ಮನಿಗೆ ಮುಟ್ಟಿಸಿದೆ. ಅವರು ಉಡಿ ತುಂಬಿ ಕಳಿಸಿದ್ರು. ಮಾರಿ ಎತ್ತಿ ನೋಡಲಿಕ್ಕಾಗಲಿಲ್ಲ ನನಗ.

ಶನಿವಾರ ಮುಂಜಾನಿ ದಸ್ತಗೀರಣ್ಣ ಬಂದ. ಬಂದವ ಕಟ್ಟಿ ಮ್ಯಾಲ ಕೂಡ್ರಲಿಲ್ಲ. ಸಾಹೇಬ ಡಬ್ಬಿ ಬಳದು ಉಂಡ್ನಂತ. ಉಣಕೋತ ಅತ್ತನಂತ. ಯಾರು ಮಾಡಿದ್ರು ಅಂದ, ನನ್ನ ಹೆಂಡ್ತಿ ಅಂದೆ, ಅಂದ. ಆಮ್ಯಾಲ ಧೈರ್ಯ ಮಾಡಿ ಗುರುಲಿಂಗಪ್ಪನ ಹೆಸರು ಎತ್ತಿದನಂತ. ಹೆಸರು ಕೇಳಿದ್ದೇ ತಡ ಸಾಹೇಬನ ಮಾರಿ ಕಪ್ಪಾತು. ಅದು ಕಂಪನಿ ಮಾತು, ಅದನ್ನ ಬಿಡು, ನಿನಗೇನು ಬೇಕು ಕೇಳು, ಅಂದನಂತ.  ಸಾಹೇಬ ತಾನೇ ಮ್ಯಾನೇಜರಗ ಕರಿಸಿ, ಇವನ್ನ ಗೆಸ್ಟ್ ಹೌಸಿನ ಕಾಯಂ ಅಡಗಿಯವ ಮಾಡ್ರಿ ಅಂತ ಹೇಳಿಬಿಟ್ಟ.

 ನನ್ನ ಕೈ ಹೊಲಸಾತು, ನನ್ನ ಗವಲಿ ಬೆಂತು, ಉಂಡ ಋಣ ತೀರಿದ್ದು ಪಕ್ಕದ ಮನಿಗೆ. ಬಾಯಿಗೆ ಬಂದದ್ದೆಲ್ಲ ಅಂದೆ ರಶೀದಾಗ. ನನ್ನ ಗಂಡನ ಕೂಳಿನ ಮ್ಯಾಲ ನಿಮ್ಮ ಒಲಿ ಹಚ್ಚಿಕೊಂಡ್ರಿ ಅಂದೆ.  ಅವಳು ಸುಟ್ಟ ಕೈಗೆ ಕಟ್ಟಿದ ಅರಿಬಿ ನೋಡಕೋತ ನಿಂತ್ಳು. ಕಡೀಕ ಅಂದ್ಳು, ಅಕ್ಕಾ, ಆಣಿ ತಗೊಂಡಾಕಿ ನೀನು. ಗವಲಿ ಯಾರದಂತ ಸಾಹೇಬಗ ಗೊತ್ತಿದ್ರ, ಆ ಹೆಸರು ಬಿಡು ಅಂತ ಹೆಂಗ ಅಂತಿದ್ದ?

ಅದು ನನ್ನ ಎದಿಗೆ ನಟ್ಟು ಹೋತು. ಬೈಬೇಕಾದ್ದು ಯಾರಿಗೆ? ಮಾನಾನೂ ಉಳೀಬೇಕು, ಗಂಡನೂ ಉಳೀಬೇಕು ಅಂತ ಎರಡೂ ಕೈ ಚಾಚಿದಾಕಿ ನಾನೇ ಅಲ್ಲೇನು? ಆಣಿ ವಾಪಸ್ ತಗೊಂಡೀನಿ, ನಾಳೆ ಡಬ್ಬಿ ನಾನೇ ಒಯ್ತೀನಿ ಅಂದೆ. ದಸ್ತಗೀರಣ್ಣ ಹೆದರಿದ. ನಾಳೆ ಆಯಿತವಾರ ಮಧ್ಯಾಹ್ನ ಸಾಹೇಬನ ಬೀಳ್ಕೊಡೋ ಊಟ, ಮ್ಯಾನೇಜರ್ ಇರ್ತಾರ, ಸಂಗಮೇಶ್ವರನವರೂ ಇರ್ತಾರ, ಅಂದ. ಇರಲಿ ಅಂದೆ.

ಆಯಿತವಾರ ಮುಂಜಾನಿ ನಮ್ಮವರ ತುಟಿಗೆ ಮಜ್ಜಿಗಿ ಹಚ್ಚಿದೆ. ಒಳಗ ಹೋಗಲಿಲ್ಲ, ಗಲ್ಲದ ಮ್ಯಾಲ ಹರೀತು. ನಾ ಬರೂತನಕ ಕಾಟ ಬಿಟ್ಟು ಏಳಬ್ಯಾಡ್ರಿ, ನನ್ನ ಆಣಿ, ಅಂದೆ.  ಗ್ಯಾಂಗಿನ ಮನಿಷ್ಯಾಗ ಒಂದು ಕಣ್ಣಿಡಪ್ಪಾ ಅಂತ ಹೇಳಿ ಹೋದೆ. ಮತ್ತ ಅದೇ ಖೀಮಾ, ಅದೇ ಕರುಳು. ಈ ಸಲ ಎರಡು ಥರ ಮಾಡಿದ್ವಿ. ಅರ್ಧಾ ಉಳ್ಳಾಗಡ್ಡಿ, ದಪ್ಪ ಮೆಣಸಿನಕಾಯಿ ಜೋಡಿ ಹುರಿದದ್ದು. ಇನ್ನರ್ಧಾ ಟಮಾಟಿಯಾಗ ಬಿಟ್ಟು ಗವಲಿ ಮ್ಯಾಲ ಸುರಿದದ್ದು. ಗವಲಿ ಎಲ್ಲಿಂದ ಬಂದ್ವು ಅಂತೀರಿ? ಶನಿವಾರ ಮಧ್ಯಾಹ್ನನೇ ಹೊಸದಾಗಿ ಹೊಸೆದಿದ್ದೆ, ಪೂರ್ತಿ ಒಣಗಿರಲಿಲ್ಲ. ಹಸಿ ಇದ್ದದ್ದು ಜಲ್ದಿ ಬೆಂತು, ಮತ್ತಷ್ಟು ಚಂದಾತು.

ಡಬ್ಬಿ ಸೆರಗಿನ್ಯಾಗ ಮುಚ್ಚಲಿಲ್ಲ. ನಟ್ಟ ನಡು ಓಣಿಯಾಗ ಕೈಯಾಗ ಹಿಡಕೊಂಡು ಹೋದೆ. ಹಿಂದ ರಶೀದಾ ಬುರ್ಕಾದಾಗ. ವಾಸನಿ ಬಂದು ಕಟ್ಟಿ ಮ್ಯಾಲಿನವರು ತಿರುಗಿ ನೋಡಿದ್ರು. ನೋಡಲಿ. ಊರ ಬಾಯಿ ಯಾರು ಮುಚ್ಯಾರ? ಗೆಸ್ಟ್ ಹೌಸಿನ ಹಿಂಬಾಗಲು ದಸ್ತಗೀರಣ್ಣ ತಗದ.

ಸಾಹೇಬ ಮೇಜಿನ ನಡುವ ಕುಂತಿದ್ದ. ಮಾರಿ ಹಳದಿ ಬಿದ್ದಿತ್ತು. ಐವತ್ತರ ಮನಿಷ್ಯಾ, ಎಪ್ಪತ್ತರವನಂಗ ಕಂಡ. ಒಂದು ಮಗ್ಗಲಕ ಮ್ಯಾನೇಜರ್. ತುಸು ದೂರ ಬ್ಯಾರೆ ಮೇಜಿಗೆ ಸಂಗಮೇಶ್ವರನವರು ಮೊಸರನ್ನ ಮುಂದಿಟ್ಟುಕೊಂಡಿದ್ರು. ನನ್ನ ನೋಡಿ ಅವರ ಕೈ ತಟ್ಟಿಯಾಗೇ ನಿಂತಿತು. ನಾ ಸೀದಾ ಹೋಗಿ ಸಾಹೇಬನ ತಟ್ಟಿಗೆ ಬಡಿಸಿದೆ. ಅಂವ ನನ್ನ ನೋಡಲಿಲ್ಲ, ಗವಲಿ ನೋಡಿದ. ಒಂದನ್ನ ಮುಳ್ಳಚಮಚಿಗೆ ಚುಚ್ಚಿ ಕಣ್ಣಿನ ಹತ್ರ ಹಿಡಿದು, ಅದರ ಮ್ಯಾಲಿನ ಗೆರಿ ನೋಡಿ ದಸ್ತಗೀರಗ ಏನೋ ಕೇಳಿದ. ಇದನ್ನ ಕೈಲೆ ಹೊಸೆದವರು ಯಾರು, ನಮ್ಮವ್ವನೂ ಗೆರಿ ಇದ್ದ ಮಣಿ ಮ್ಯಾಲ ಹಿಂಗೇ ಒತ್ತತಿದ್ಳು, ಅಂತ ಕೇಳ್ಲಿಕತ್ತಾನ ಅಂತ ದಸ್ತಗೀರಣ್ಣ ನನಗ ಅಂದ.

ಆಗ ನಾ ಬಾಯಿ ಬಿಟ್ಟೆ.

"ನಾನ್ರಿ ಸಾಹೇಬ್ರ. ಲಗ್ನದ ಗವಲಿ ಮಾಡೋ ಕೈಲೆ ನಿಮಗ ಮಾಂಸದೂಟ ಮಾಡೀನಿ. ಗುರುಲಿಂಗಪ್ಪನ ಹೆಂಡ್ತಿ ನಾ. ಹೋಗು, ಉಂಡು ಬಾ ಅಂತ ನೀವೇ ಕಳಿಸಿದ್ರಿ. ಅವರು ಹೋದ್ರು, ಅರ್ಧಾ ರೊಟ್ಟಿ ಉಂಡ್ರು. ಅವತ್ತಿನಿಂದ ಇವತ್ತಿಗೆ ಒಂಬತ್ತು ದಿನ, ಉಂಡಿಲ್ಲ."

ಹೇಳಿ ದಸ್ತಗೀರಣ್ಣನ ಮಾರಿ ನೋಡಿದೆ. ಅದನ್ನ ಇಂಗ್ಲೀಷಿಗೆ ತಿರುಗಿಸಬೇಕಾದವ ಅಂವ.  ಮ್ಯಾನೇಜರ್ ಮುಂದ ಕುಂತಾನ, ಕಾಯಂ ನೌಕರಿ ಕಾಗದ ಇನ್ನ ಕೈಗೆ ಬಂದಿಲ್ಲ. ಒಂದು ಮಾತು ಹೆಚ್ಚಾದ್ರ ಇದ್ದ ಕೆಲಸಾನೂ ಹೋಗ್ತದ. ನನ್ನ ಜೀವ ಆ ಹೊತ್ತಿನ್ಯಾಗ ಅವನ ನಾಲಿಗಿ ತುದಿಗಿತ್ತು. ಬಾಗಿಲಾಗ ನಿಂತ ರಶೀದಾ ಬುರ್ಕಾದ ಪರದಾ ಮ್ಯಾಲ ಎತ್ತಿ, ತಮ್ಮ ಮಾತಿನ್ಯಾಗ ಅವನಿಗೆ ಒಂದೇ ಒಂದು ಮಾತು ಅಂದ್ಳು. ಏನಂದ್ಳಂತ ಆಮ್ಯಾಲ ಕೇಳಿದೆ. ಹೇಳಂಗಿಲ್ಲಂದ್ರ ಇವತ್ತಿನಿಂದ ನನ್ನ ಕೈ ಊಟ ನಿನಗ ಹರಾಮ್ ಅಂದಿದ್ಳಂತ.

ದಸ್ತಗೀರಣ್ಣ ಹೇಳಿದ. ಎಲ್ಲಾ ಹೇಳಿದ, ಒಂಬತ್ತು ದಿನ ಅನ್ನೋದನ್ನ ಬೆರಳೆತ್ತಿ ತೋರಿಸಿದ.

ಸಾಹೇಬ ಮುಳ್ಳಚಮಚಿ ಕೆಳಗಿಟ್ಟ.  ನಾ ಅಲ್ಲೇ ನಿಂತೆ. ಉಪ್ಪು ತಿಂದವ ನೀರು ಕುಡೀಲೇಬೇಕು, ಅದು ಯಾವ ದೇಶದವನಾದ್ರೂ. ಕಡೀಕ ಸಾಹೇಬ ಮ್ಯಾನೇಜರ್ ಕಡಿ ತಿರುಗಿ ನಾಲ್ಕು ಮಾತು ಆಡಿದ. ನನಗ ತಿಳೀಲಿಲ್ಲ. ಆದ್ರ ಸಂಗಮೇಶ್ವರನವರ ಮಾರಿ ಬದಲಾದದ್ದು ನೋಡಿದೆ. ದಸ್ತಗೀರಣ್ಣ ನನ್ನ ಕಿವ್ಯಾಗ ಅಂದ, "ನಾನೇ ಕಳಿಸಿದ್ದೆ ಅಂದ್ರು ಅಕ್ಕಾ. ನನ್ನ ನೌಕರಿಗೆ ಹೆದರಿ ಸುಮ್ಮನಿದ್ದೆ ಅಂದ್ರು."

ಅದನ್ನ ಕಾಗದದ ಮ್ಯಾಲ ಬರೀಲಿ ಅಂದೆ. ಬರೆದು ಸಹಿ ಹಾಕೂತನಕ ಹಿಂಬಾಗಲದಾಗ ಕುಂತೆ. ಅಷ್ಟೊತ್ತಿಗೆ ಸಂಗಮೇಶ್ವರನವರ ಸ್ಕೂಟರ್ ಹೋದ ಸಪ್ಪಳ ಕೇಳಿತು. ಕಾಗದ ಮ್ಯಾನೇಜರ್ ಇಟ್ಟುಕೊಂಡ. ನನ್ನ ಕೈಗೆ ಕೊಡಲಿಲ್ಲ. ಬರಿಗೈಲೆ ಓಡಿದೆ ಮನಿಗೆ.

ಬಾಗಿಲು ದೂಡಿದೆ. ಅವರು ಕಾಟದ ಮ್ಯಾಲೇ ಇದ್ರು, ಆದ್ರ ಗ್ವಾಡಿ ಕಡಿ ಮಾರಿ ಇರಲಿಲ್ಲ. ಸ್ನಾನ ಮಾಡಿದ್ರು. ಒಗೆದ ಧೋತ್ರ ಉಟ್ಟಿದ್ರು. ಹಣಿ ಮ್ಯಾಲ ವಿಭೂತಿ. ಒಂದು ಕ್ಷಣ ಖುಷಿ ಆತು ನನಗ. ಆಮ್ಯಾಲ ಎದಿ ಕಡಿ ನೋಡಿದೆ. ಲಿಂಗ ಇರಲಿಲ್ಲ. ಜಗಲಿ ಮ್ಯಾಲ ಅರಿಬಿ ಹಾಸಿ, ಹೂವು ಏರಿಸಿ ಇಟ್ಟಿದ್ರು. ಹುಟ್ಟಿದಾಗ ಕಟ್ಟಿದ್ದನ್ನ ಮಣ್ಣಿಗೆ ಹೋಗೂತನಕ ಯಾರೂ ಬಿಚ್ಚಂ‌ಗಿಲ್ಲ ನಮ್ಮಲ್ಲಿ. ಹಳಿ ಮ್ಯಾಲ ಲಿಂಗಕ್ಕ ಪೆಟ್ಟು ಬೀಳಬಾರದಂತ ಬಿಚ್ಚಿಟ್ಟಾರ ಅಂತ ತಿಳೀಲಿಕ್ಕೆ ನನಗ ಯಾರೂ ಹೇಳಬೇಕಾಗಲಿಲ್ಲ. ಮೂರರ ಗಾಡಿಗೆ ಇನ್ನ ಸ್ವಲ್ಪೇ ಹೊತ್ತಿತ್ತು. ಬಾಗಿಲಿಗೆ ಅಡ್ಡ ಕುಂತುಬಿಟ್ಟೆ.

ಸಾಹೇಬ ಒಪ್ಪಿದಾ, ನಾನೇ ಕಳಿಸಿದ್ದೆ ಅಂದ, ಕಾಗದ ಬರದ, ಅಂತ ಒಂದೇ ಉಸಿರಿಲೆ ಹೇಳಿದೆ. ಅವರು ನನ್ನ ನೋಡಿದ್ರು. ಸಣ್ಣ ಮಕ್ಕಳಿಗೆ ನೋಡಿದಂಗ ನೋಡಿದ್ರು. ನನ್ನ ಉಳಿಸಲಿಕ್ಕೆ ಸುಳ್ಳು ಹೇಳಬ್ಯಾಡ ನೀಲಾ, ಹಾದಿ ಬಿಡು, ಅಂದ್ರು. ಆಣಿ ಹಾಕಿದೆ, ಕಾಲು ಹಿಡಿದೆ. ನಂಬಲಿಲ್ಲ. ಕಾಗದ ಎಲ್ಲಿ ಅಂದ್ರು. ನನ್ನ ಹತ್ರ ಏನಿತ್ತು ತೋರಿಸಲಿಕ್ಕೆ? ಏಳಲಿಕ್ಕೆ ಹತ್ತಿದ್ರು. ಒಂಬತ್ತು ದಿನ ಉಪವಾಸ ಇದ್ದ ಮನಿಷ್ಯಾ, ನನ್ನ ತಳ್ಳೋ ತ್ರಾಣ ಇರಲಿಲ್ಲ, ಆದ್ರೂ ತಳ್ಳಿದ್ರು.

ಆ ಹೊತ್ತಿಗೆ ನನ್ನ ಬೆನ್ನ ಹಿಂದ ಯಾರೋ ಬಂದು ನಿಂತ್ರು. ತಿರುಗಿ ನೋಡಿದ್ರ ಉಮಾದೇವಿಯವರು. ಕೈಯಾಗ ನನ್ನ ಗವಲಿ ಡಬ್ಬಿ. ಸಿಟ್ಟಿರಲಿಲ್ಲ ಅವರ ಮಾರಿ ಮ್ಯಾಲ, ಅದಕ್ಕೇ ಇನ್ನೂ ಸಂಕಟಾತು. ಡಬ್ಬಿ ಹೊಸ್ತಿಲ ಮುಂದಿಟ್ರು.

"ನೀಲಾಬಾಯಿ, ನಮ್ಮ ಮನಿಯವರು ಎಲ್ಲಾ ಹೇಳಿದ್ರು. ನಿಮ್ಮ ಯಜಮಾನ್ರದು ತಪ್ಪಿಲ್ಲಂತ ನಾಳಿನ ಕಾಗದದಾಗ ಅವರೇ ಬರೀತಾರ. ಆದ್ರ ಮಾಂಸ ನಾದಿದ ಕೈಯ ಗವಲಿ ನಮ್ಮ ಲಗ್ನಕ್ಕ ಬರಂಗಿಲ್ರಿ."

ಹೇಳಿ ಹೋದ್ರು. ಓಣಿಯಾಗ ನಾಲ್ಕು ಬಾಗಿಲು ತಗದು ಮುಚ್ಚಿದ ಸಪ್ಪಳ ಕೇಳಿತು.

ನಮ್ಮವರು ನಿಂತಲ್ಲೇ ನಿಂತಿದ್ರು. ಡಬ್ಬಿ ನೋಡಿದ್ರು, ನನ್ನ ಕೈ ನೋಡಿದ್ರು. ಏನು ಮಾಡಿದಿ ನೀಲಾ, ಅಂದ್ರು. ಎಲ್ಲಾ ಹೇಳಿದೆ. ಖೀಮಾ ನಾದಿದ್ದು ಹೇಳಿದೆ, ಸಾಸೇಜ್ ಹೊಳ್ಳಿಸಿ ಹಾಕಿದ್ದು ಹೇಳಿದೆ, ಲಗ್ನದ ಗವಲಿ ಮೂರು ಮುಷ್ಟಿ ಕದ್ದದ್ದು ಹೇಳಿದೆ. ಮುಂಜಾನಿ ಸಂಜಿ ಲಿಂಗಪೂಜಿ ತಪ್ಪಿಸದ ಮನಿಷ್ಯಾ. ಇನ್ನ ನನ್ನ ಕೈಲೆ ಮಜ್ಜಿಗಿನೂ ಮುಟ್ಟಂಗಿಲ್ಲ, ಉಳಿಸಲಿಕ್ಕೆ ಹೋಗಿ ನಾನೇ ಕೊಂದೆ, ಅನಕೊಂಡೆ. ಗಾಡಿ ಕೂಗಿದ್ದು ಕೇಳಿತು. ಹಳಿ ಮ್ಯಾಲ ಹೋತು, ಭಾಳ ಉದ್ದ ಗಾಡಿ, ಮುಗೀಲೇ ಇಲ್ಲ ಅನಸ್ತು.

ಗಾಡಿ ಸಪ್ಪಳ ನಿಂತ ಮ್ಯಾಲ ಅವರು ಜಗಲಿಗೆ ಹೋಗಿ ಲಿಂಗ ಎತ್ತಿ ಕಣ್ಣಿಗೊತ್ತಿಕೊಂಡ್ರು. ಗಂಟು ಹಾಕಲಿಕ್ಕೆ ಬರಲಿಲ್ಲ. ಬಾ ಇಲ್ಲಿ, ಕಟ್ಟು, ಅಂದ್ರು. ನನ್ನ ಕೈ ಹಿಂದ ಸರೀತು. ಇದೇ ಕೈಲೆ ಕಟ್ಟು, ಅಂದ್ರು. ಕಟ್ಟಿದೆ.

ಆಮ್ಯಾಲ ಕೆಳಗ ಕುಂತು ಡಬ್ಬಿ ಮುಚ್ಚಳ ತಗದು, ಒಂದು ಗವಲಿ ಅಂಗೈ ಮ್ಯಾಲ ಇಟ್ಟುಕೊಂಡು ನೋಡಿದ್ರು.

"ಹಸಿವಾಗ್ಯಾದ ನೀಲಾ. ಇವನ್ನೇ ಮಾಡು."

ಹಾಲು ಬೆಲ್ಲ ಹಾಕಿ ಕುದಿಸಿದೆ. ಎರಡು ತುತ್ತು ಉಂಡ್ರು, ವಾಂತಿ ಆತು. ಮತ್ತ ಹಾಕು ಅಂದ್ರು. ನಾ ಅಳಕೋತ ಹಾಕಿದೆ, ಅವರು ಉಂಡ್ರು. ಕೆಲಸ ಹೋಗಲಿಲ್ಲ, ಎಣ್ಣಿ ಪಂಪಿನಿಂದ ತಗದು ಚೀಲ ತುಂಬೋ ಕಡಿ ಹಾಕಿದ್ರು ಅಷ್ಟೇ. ರೊಟ್ಟಿ ಗುರುಲಿಂಗಪ್ಪ ಅನ್ನೋ ಹೆಸರು ಇವತ್ತಿಗೂ ಅದ, ಈಗ ಅವರೂ ನಗ್ತಾರ. ನನ್ನ ಮಾತ್ರ ಯಾವ ಲಗ್ನಕ್ಕೂ ಗವಲಿ ಮಾಡಲಿಕ್ಕೆ ಯಾರೂ ಕರೀಲಿಲ್ಲ. ಗೆರಿ ಮಣಿ ಗ್ವಾಡಿ ಗೂಡಿನ್ಯಾಗ ಅದ. ಉಮಾದೇವಿಯವರ ಮಗಳ ಲಗ್ನದ ಆ ಐದು ಸೇರು ಗವಲಿ ಆ ಮಳಿಗಾಲ ಪೂರ್ತಿ ನಾವು ಮತ್ತ ರಶೀದಾನ ಮನಿಯವರು ಕೂಡಿ ಉಂಡ್ವಿ.